ಪುಟ್ಟುವಿಗೆ, ಕಾಲೇಜಿನ ಔತಣದ ವಿಚಾರವಾಗಿ

ಚಿರಂಜೀವಿ ಪುಟ್ಟುವಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಉಳಿದದ್ದೆಲ್ಲ ಓದಿ ಸಮಾಧಾನವಾಯಿತು. ಆದರೆ ಕಾಲೇಜಿನ ಔತಣದ ಬಗ್ಗೆ ಬರೆಯುತ್ತಾ, "ಒಳಗೆ ಕಾಲಿಟ್ಟ ಕೂಡಲೇ ಇವನು ಇಲ್ಲಿಯವನಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ, ಹೋಗೋದೇ ಬೇಡ ಅನ್ನಿಸ್ತಿದೆ" ಎಂದಿದ್ದೀಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ರಾತ್ರಿ ಅತ್ತೆಗೂ ಓದಿ ಹೇಳಿದೆ.

ಆಹ್ವಾನದಲ್ಲಿ ಬ್ಲ್ಯಾಕ್ ಟೈ ಅಂತಿದ್ದರೆ ಡಿನ್ನರ್ ಜಾಕೆಟ್ ಅನ್ನುವ ಕಪ್ಪು ಕೋಟು, ಬಿಳಿ ಶರ್ಟು, ಕಪ್ಪು ಬೋ ಟೈ. ಆಫೀಸಿನ ಉದ್ದ ಟೈ ನಡೆಯೋದಿಲ್ಲ. ಕೊಳ್ಳೋಕೆ ಹೋಗಬೇಡ, ಬಾಡಿಗೆಗೆ ಸಿಗುತ್ತದೆ. ನಿನ್ನ ಗೆಳೆಯರು ಇದನ್ನು ನನಗಿಂತ ಚೆನ್ನಾಗಿ ಹೇಳಿಯಾರು.

ನನ್ನ ಚಿಂತೆ ನಿನ್ನ ಭಯದ ಬಗ್ಗೆ. ಎಲ್ಲರ ಕಣ್ಣೂ ನಿನ್ನ ಮೇಲೇ ಬೀಳುತ್ತದೆ ಅಂದುಕೊಂಡಿದ್ದೀಯ. ಅಲ್ಲಿ ಗಂಡಸರೆಲ್ಲ ಒಂದೇ ಥರ ಇರುತ್ತಾರೆ, ಅದೇ ಕಪ್ಪು, ಅದೇ ಬಿಳಿ. ಬಾಡಿಗೆ ಕೋಟು ಯಾವುದು, ತಾತನ ಕಾಲದ್ದು ಯಾವುದು ಅಂತ ಸುಲಭಕ್ಕೆ ತಿಳಿಯೋದಿಲ್ಲ. ಇನ್ನೊಂದು ಗೊತ್ತಾ? ಈ ಕೋಟು ಹುಟ್ಟಿದ್ದೇ ಆರಾಮಕ್ಕೆ. 1865ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡ್, ಹಿಂದೆ ಉದ್ದ ಬಾಲವಿರುವ ಕೋಟು ಬೇಡ ಅಂತ, ಮನೆಯ ಊಟಕ್ಕೆ ಗಿಡ್ಡ ಕೋಟು ಹೊಲಿಸಿಕೊಂಡ. ಹೊಲಿದವರು ಲಂಡನ್ನಿನ ಹೆನ್ರಿ ಪೂಲ್ ಅಂಗಡಿಯವರು. ಅಂಥ ಬಟ್ಟೆಗೆ ನೀನು ಹೆದರೋದಾ?

ನಾನೂ ಹೆದರಿದ್ದೆ ಕಣೋ. ನಿನ್ನ ಹಾಗೆ ಪರದೇಶದಲ್ಲಿ ಓದುವಾಗ ನನ್ನ ಗೈಡ್ ತಮ್ಮ ನಿವೃತ್ತಿಯ ಔತಣಕ್ಕೆ ಕರೆದರು. ನನ್ನ ಹತ್ತಿರ ಇದ್ದದ್ದು ಕಂದು ಸೂಟು ಒಂದೇ. ಜ್ವರ ಅಂತ ಹೇಳಿಕಳಿಸಿ ರೂಮಿನಲ್ಲೇ ಕೂತೆ. ನನ್ನ ಪ್ರಬಂಧದ ಒಂದೊಂದು ಸಾಲನ್ನೂ ತಿದ್ದಿಕೊಟ್ಟ ಮನುಷ್ಯ ಅವರು. ಆಮೇಲೆ ಊರು ಬಿಟ್ಟರು, ಮತ್ತೆ ಭೇಟಿಯಾಗಲೇ ಇಲ್ಲ. ಎದುರು ನಿಂತು ಒಂದು ಮಾತು ಹೇಳಬೇಕಿತ್ತು. ಅವರು ನನ್ನನ್ನು ಕರೆದಿದ್ದರು, ನನ್ನ ಕೋಟನ್ನಲ್ಲ. ಇದು ನನಗೆ ಹೊಳೆದದ್ದು ತುಂಬ ತಡವಾಗಿ.

ಬಟ್ಟೆಯ ಇಂಥ ಕಟ್ಟುಪಾಡು ಪರದೇಶದವರದೊಂದೇ ಅಲ್ಲ. ಮೈಸೂರು ದಸರಾ ದರ್ಬಾರಿಗೂ ಕಪ್ಪು ಉದ್ದ ಕೋಟು, ಬಿಳಿ ಪ್ಯಾಂಟು, ಜರಿ ಪೇಟ ಇರಬೇಕಿತ್ತು.

ಆ ಕೋಟು ಬೇಡವೇ ಬೇಡ ಅನ್ನಿಸಿದರೆ ಕತ್ತಿನವರೆಗೆ ಗುಂಡಿಯಿರುವ ನಮ್ಮ ಬಂದ್‌ಗಲಾ ಕೋಟು ಹಾಕಬಹುದಾ ಅಂತ ಕರೆದವರನ್ನೇ ಕೇಳು. ಕೇಳೋದರಲ್ಲಿ ನಾಚಿಕೆ ಏನಿದೆ? ನೊಬೆಲ್ ಸಮಾರಂಭದ ನಿಯಮ ಇದಕ್ಕಿಂತ ಬಿಗಿ. ಅಲ್ಲೂ ಅವರವರ ದೇಶದ ಉಡುಪಿಗೆ ಜಾಗವಿದೆ. 2019ರಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಪಂಚೆ ಉಟ್ಟು, ಮೇಲೆ ಕಪ್ಪು ಬಂದ್‌ಗಲಾ ಹಾಕಿ ಪ್ರಶಸ್ತಿ ತಗೊಂಡರು. ಇವನು ಇಲ್ಲಿಯವನಲ್ಲ ಅಂತ ನೋಡಿದವರಿಗೆಲ್ಲ ಗೊತ್ತಾಗಿರಬೇಕು. ಗೊತ್ತಾದರೆ ಏನಾಯಿತು ಪುಟ್ಟು? ನೀನು ನಿಜವಾಗಿಯೂ ಅಲ್ಲಿಯವನಲ್ಲ. ಗೊತ್ತಿದ್ದೇ ಕರೆದಿದ್ದಾರೆ.

ಇನ್ನು, ಸೊಂಟಕ್ಕೆ ಕಮರ್‌ಬಂದ್ ಕಟ್ಟಿದರೆ ಅದರ ನೆರಿಗೆ ಮೇಲ್ಮುಖವಾಗಿರಲಿ. ಬೆಲ್ಟ್ ಬೇಡ. ಕೂತಾಗ ಕೋಟಿನ ಗುಂಡಿ ಬಿಚ್ಚಬಹುದು, ಎದ್ದಾಗ ಹಾಕಿಕೋ. ಶೂ ಕಪ್ಪಗಿದ್ದು ಹೊಳೆಯುತ್ತಿದ್ದರೆ ಸಾಕು. ಈಗಿನ ರೂಢಿ ಬೇರೆ ಇದ್ದರೆ ನನ್ನ ಮಾತು ಬಿಟ್ಟುಬಿಡು.

ಆದರೆ ಹೋಗು. ಹೋಗ್ತೀಯಾ ಅಂತ ಎರಡು ಸಾಲು ಬೇಗ ಬರೆ. ಕೋಟಿನ ಬಾಡಿಗೆ ನಾನು ಕಳಿಸುತ್ತೇನೆ, ನಿಮ್ಮಮ್ಮನಿಗೆ ಹೇಳಬೇಡ.

ಇಂತಿ,
ನಿನ್ನ ಮಾವ