ಉಸಿರು ಬಿಡದ ಹುಡುಗಿಯರು

ಸಂಪಾದಕರಿಗೆ ನಮಸ್ಕಾರ.

ಮಕ್ಕಳು ಕನ್ನಡಿ ಮುಂದೆ ನಿಂತು ಕೊರಗುವುದಕ್ಕೆಲ್ಲ ಮೊಬೈಲೇ ಕಾರಣ ಎಂದು ಕಳೆದ ವಾರ ಓದುಗರೊಬ್ಬರು ಬರೆದಿದ್ದರು. ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಈ ಪತ್ರ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ 18 ವರ್ಷದಿಂದ ಬ್ಲೌಸ್, ಚೂಡಿದಾರ ಹೊಲಿಯುತ್ತಿದ್ದೇನೆ. ಊರು ಕುಂದಾಪುರದ ಕಡೆ. ಗಿರಾಕಿಗಳಲ್ಲಿ ನಮ್ಮ ಕನ್ನಡದವರೇ ಜಾಸ್ತಿ. ಟೇಪು ಹಿಡಿದು ಅಷ್ಟು ಹತ್ತಿರ ನಿಂತಾಗ ಕೆಲವು ವಿಷಯ ತಾನಾಗಿ ಗೊತ್ತಾಗುತ್ತದೆ. ಈಗಿನ ಹುಡುಗಿಯರು ಟೇಪು ಸುತ್ತುವ ಮೊದಲೇ ಉಸಿರು ಎಳೆದು ಹೊಟ್ಟೆ ಒಳಗೆ ಹಾಕಿಕೊಳ್ಳುತ್ತಾರೆ. "ಉಸಿರು ಬಿಡು ಮಗಾ, ಆಮೇಲೆ ಹುಕ್ಕು ಕಿತ್ತು ಬರುತ್ತೆ" ಅಂದರೂ ಬಿಡುವುದಿಲ್ಲ.

ಹೋದ ನವರಾತ್ರಿಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಿದ್ದಳು. ಅವಳಿಗೆ ಗಿಡ್ಡ ತೋಳು ಬೇಕಿತ್ತು. ಅಮ್ಮ ನಗುತ್ತಲೇ, "ಇವಳ ಕೈ ನೋಡಿ, ಕಂಬ ಇದ್ದ ಹಾಗಿದೆ, ಮೊಣಕೈವರೆಗೆ ಇಡಿ" ಅಂದರು. ಅಂಗಡಿಯಲ್ಲಿದ್ದ ಇನ್ನಿಬ್ಬರೂ ನಕ್ಕರು. ಹುಡುಗಿ ತಲೆ ಎತ್ತಿ ಫ್ಯಾನು ನೋಡುತ್ತಾ ನಿಂತಳು. ಮರುದಿನ ಟ್ಯೂಷನ್ನಿಂದ ಹೋಗುವಾಗ ಒಬ್ಬಳೇ ಬಂದು, "ಆಂಟಿ, ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕ ಅಳತೆ ಬರೀಬೇಡಿ, ಎಲ್ಲರೂ ನೋಡ್ತಾರೆ" ಅಂದಳು. ನನಗೆ ಹೊಟ್ಟೆ ಚುರ್ ಅಂತು. ಯಾಕೆಂದರೆ ಬರೆಯುವುದು ಮಾತ್ರ ಅಲ್ಲ, ಒಳಗೆ ಕಟಿಂಗ್ ಮಾಡುವವಳಿಗೆ ಕೇಳಲಿ ಅಂತ ಇಷ್ಟು ವರ್ಷ ನಾನೇ ಎಲ್ಲರ ಅಳತೆಯನ್ನೂ ಕೂಗಿ ಹೇಳುತ್ತಿದ್ದೆ.

ಮೊಬೈಲಿನ ವಿಷಯವನ್ನೂ ಓದಿದ್ದೇನೆ. 2021ರಲ್ಲಿ ಹೊರಬಿದ್ದ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳಲ್ಲೇ ಇತ್ತು, ತಮ್ಮ ಮೈ ಬಗ್ಗೆ ಬೇಸರವಾಗಿದ್ದಾಗ ಅದೇ ಕಂಪನಿಯ ಇನ್‌ಸ್ಟಾಗ್ರಾಮ್‌ನಿಂದ ಅದು ಇನ್ನೂ ಜಾಸ್ತಿ ಆಯಿತು ಅಂತ ಹದಿಹರೆಯದ 100ಕ್ಕೆ 32 ಹುಡುಗಿಯರು ಹೇಳಿದ್ದರಂತೆ. ಸರಿ, ಜಾಸ್ತಿ ಮಾಡಿದ್ದು ಅದು. ಮೊದಲ ಬೇಸರ ಎಲ್ಲಿಂದ ಬಂತು?

ಚಿಕ್ಕವಳಿದ್ದಾಗ ಊರಲ್ಲಿ ನನ್ನನ್ನು ಮಸಿಕೆಂಡ, ಅಂದರೆ ಇದ್ದಿಲು, ಅಂತ ಕರೆಯುತ್ತಿದ್ದರು. ಆಗ ಮೊಬೈಲ್ ಎಲ್ಲಿತ್ತು? ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಾವ ರಜೆಗೆ ಬರುವಾಗ ಎಲ್ಲರಿಗೂ ಬಟ್ಟೆ ತರುತ್ತಿದ್ದರು, ನನಗೆ ಮಾತ್ರ ಬಟ್ಟೆಯ ಜೊತೆ ಒಂದು ಫೇರ್ ಅಂಡ್ ಲವ್ಲಿ ಟ್ಯೂಬು. ಪಾಪ, ಪ್ರೀತಿಯಿಂದಲೇ ತರುತ್ತಿದ್ದರು. 1975ರಲ್ಲಿ ಶುರುವಾದ ಆ ಕ್ರೀಮಿನ ಹೆಸರಿನಿಂದ 'ಫೇರ್' ಹೋಗಿದ್ದು 2020ರಲ್ಲಿ. ಈಗ ಅದು ಗ್ಲೋ ಅಂಡ್ ಲವ್ಲಿ. ನಮ್ಮವರ ಬಾಯಿಂದ ಮಾತ್ರ ಆ ಮಾತು ಇನ್ನೂ ಹೋಗಿಲ್ಲ. ಸಂಘದ ಕಾರ್ಯಕ್ರಮಕ್ಕೆ ಹೋಗಿ, ಊಟ ಆಯ್ತಾ ಅಂತ ಕೇಳುವ ಮೊದಲು "ಏನಮ್ಮಾ, ದಪ್ಪ ಆಗಿದ್ದೀಯ" ಅನ್ನುತ್ತಾರೆ. ಗಂಡುಮಕ್ಕಳಿಗೂ ತಪ್ಪಿದ್ದಲ್ಲ, ನನ್ನ ಮಗನಿಗೆ "ಕಡ್ಡಿ" ಅಂದು ಅಂದು, ಅವನೀಗ ಫೀಸಿಗಿಂತ ಹೆಚ್ಚು ದುಡ್ಡು ಪ್ರೋಟೀನ್ ಡಬ್ಬಕ್ಕೆ ಹಾಕುತ್ತಿದ್ದಾನೆ.

ಈಗ ಅಳತೆಯನ್ನು ಚೀಟಿಯಲ್ಲಿ ಬರೆದು ಸುಮ್ನೆ ಒಳಗೆ ಕೊಡುತ್ತೇನೆ. ಅಮ್ಮಂದಿರಿಗೆ ಹೊರಗೆ ಕುರ್ಚಿ. ಒಬ್ಬರು ಮುನಿಸಿಕೊಂಡು ಬೇರೆ ಟೈಲರ್ ಹತ್ತಿರ ಹೋದರು. ಹೋಗಲಿ ಬಿಡಿ.

ಕಡೆಗೆ ನಿಮಗೇ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಮದುವೆ ಸಂಬಂಧ ಹುಡುಕಿಕೊಡುವ ಶಾದಿ ಡಾಟ್ ಕಾಮ್‌ ವೆಬ್‌ಸೈಟಿನವರು ಮೈಬಣ್ಣ ನೋಡಿ ಹುಡುಕುವ ಫಿಲ್ಟರನ್ನು 2020ರಲ್ಲೇ ತೆಗೆದರು. ನಿಮ್ಮ ಭಾನುವಾರದ ವಧು-ವರ ಜಾಹೀರಾತುಗಳಲ್ಲಿ ಇನ್ನೂ "ಬೆಳ್ಳಗಿನ, ತೆಳ್ಳಗಿನ ಹುಡುಗಿ ಬೇಕು" ಅಂತಲೇ ಬರುತ್ತಿದೆ. ಆ ಎರಡು ಪದ ತೆಗೆದರೆ ಜಾಹೀರಾತಿನ ದುಡ್ಡೇನೂ ಕಡಿಮೆಯಾಗಲ್ಲ ಅಲ್ವಾ?

ನಿಮ್ಮ ಓದುಗರಲ್ಲೊಬ್ಬಳು,
ಡೊಂಬಿವಲಿ ಪೂರ್ವ