ಗಾಳಿ ಕೇಳುವ ಮುನ್ನ

ಚಿ. ಮೇಘನಾಳಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಕಾಗದ ತಲುಪಿತು. ಎಟಿಸ್‌ನಲ್ಲಿ, ಅಂದರೆ ನಿಲ್ದಾಣದ ಹವೆಯನ್ನು ಧ್ವನಿಮುದ್ರಿಸಿ ರೇಡಿಯೊದಲ್ಲಿ ಬಿತ್ತರಿಸುವ ಸುದ್ದಿಯಲ್ಲಿ, ಗಾಳಿ ಎಷ್ಟೆಂದು ಮೊದಲೇ ಹೇಳಿರುತ್ತಾರೆ, ಇಳಿಯಲು ಅನುಮತಿ ಕೊಡುವಾಗ ಟವರ್ ಇನ್ನೊಮ್ಮೆ ಹೇಳುತ್ತದೆ, ಸಾಲದ್ದಕ್ಕೆ ಪರದೆಯ ಮೂಲೆಯಲ್ಲಿ ವಿಮಾನವೇ ಲೆಕ್ಕ ಹಾಕಿ ತೋರಿಸುತ್ತಿರುತ್ತದೆ; ಇಷ್ಟೆಲ್ಲ ಇದ್ದೂ ಕ್ಯಾಪ್ಟನ್‌ಗಳು ಕೊನೆಗಳಿಗೆಯಲ್ಲಿ "ವಿಂಡ್ ಚೆಕ್" ಅಂತ ಟವರನ್ನು ಈಗಿನ ಗಾಳಿ ಯಾಕೆ ಕೇಳುತ್ತಾರೆ ಎಂದು ಬರೆದಿದ್ದೀಯ. ನೀನು ಹೇಳಿದ ಆ ಮೂರೂ ಒಂದೇ ಗಾಳಿಯಲ್ಲ ಕಣಮ್ಮ. ಅದು ತಲೆಗೆ ಹತ್ತಿದರೆ ಉಳಿದದ್ದು ಸುಲಭ.

ಎಟಿಸ್ ಹಳೇ ಸುದ್ದಿ. ಸಾಮಾನ್ಯವಾಗಿ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಹೊಸದಾಗುತ್ತದೆ. ಮೆಟಾರ್ ಎಂಬ ಲಿಖಿತ ಹವಾ ವರದಿಯ ಗಾಳಿ 10 ನಿಮಿಷದ ಸರಾಸರಿ, ದಿಕ್ಕು ನಕಾಶೆಯ ನಿಜ ಉತ್ತರದಿಂದ ಅಳೆದದ್ದು. ಟವರ್ ಬಾಯಲ್ಲಿ ಹೇಳುವುದು 2 ನಿಮಿಷದ ಸರಾಸರಿ, ದಿಕ್ಕು ದಿಕ್ಸೂಚಿ ತೋರುವ ಕಾಂತೀಯ ಉತ್ತರದಿಂದ. ರನ್‌ವೇ ಸಂಖ್ಯೆಯೂ (27 ಅಂದರೆ 270 ಡಿಗ್ರಿ) ಕಾಂತೀಯ ದಿಕ್ಕಿನದೇ ಆದ್ದರಿಂದ ಟವರಿನ ಗಾಳಿಯನ್ನು ಅದರ ಜೊತೆ ನೇರವಾಗಿ ಹೋಲಿಸಬಹುದು. ಮೆಟಾರ್ ಓದಿ ಹೋಲಿಸಲು ಹೋದರೆ, ಎರಡು ಉತ್ತರಗಳ ನಡುವೆ 15 ಡಿಗ್ರಿ ಅಂತರವಿರುವ ಜಾಗದಲ್ಲಿ ಲೆಕ್ಕ ಕೆಟ್ಟಿತು ಅಂತಲೇ ತಿಳಿ. ಇನ್ನೊಂದು ಸೂಕ್ಷ್ಮ: ಸರಾಸರಿಗಿಂತ 10 ನಾಟ್ (ಗಂಟೆಗೆ ಇಷ್ಟು ನಾವಿಕ ಮೈಲಿ) ಏರಿದರೆ ಮಾತ್ರ ಮೆಟಾರ್ ಅದನ್ನು ಗಸ್ಟ್, ಅಂದರೆ ರಭಸದ ಬೀಸು, ಎಂದು ಬರೆಯುತ್ತದೆ. ಸರಾಸರಿ 12, ನಡುನಡುವೆ 21ರವರೆಗೆ ಬೀಸು ಇದ್ದರೂ ಕಾಗದದ ಮೇಲೆ ಬರೀ 12. ನಿನಗೆ ಆ ಕ್ಷಣದ್ದೇ ಬೇಕಿದ್ದರೆ "ಇನ್‌ಸ್ಟಂಟ್ ವಿಂಡ್" ಅಂತ ಬಾಯಿಬಿಟ್ಟು ಕೇಳು.

ಪರದೆಯ ಗಾಳಿ ಬೇರೆಯದೇ ಜಾತಿ. ಗಾಳಿಯೊಳಗಿನ ವೇಗಕ್ಕೂ ನೆಲದ ಮೇಲಿನ ವೇಗಕ್ಕೂ ಇರುವ ವ್ಯತ್ಯಾಸದಿಂದ ಕಂಪ್ಯೂಟರ್ ಅದನ್ನು ಹೊರಡಿಸುತ್ತದೆ, ಏರಿಳಿತವನ್ನು ಸ್ವಲ್ಪ ಸವರಿ ತೋರಿಸುತ್ತದೆ. ನೀನೀಗ ಹಾರಿಸಲು ಕಲಿಯುತ್ತಿರುವ ಏರ್‌ಬಸ್ ಎ320ರಲ್ಲಿ ಆ ಅಂಕಿಯ ದಿಕ್ಕು ನಿಜ ಉತ್ತರದ್ದು ಎಂಬುದು ನೆನಪಿರಲಿ. ಅದಕ್ಕಿಂತ ಮುಖ್ಯ, ಅದು ನೀನಿರುವ ಎತ್ತರದ ಗಾಳಿ; ಚಕ್ರ ಮುಟ್ಟುವ ಜಾಗದ್ದಲ್ಲ. 1000 ಅಡಿಯಲ್ಲಿ ಪರದೆ 35 ನಾಟ್ ಎದುರುಗಾಳಿ ತೋರಿಸುತ್ತಿದೆ, ನೆಲದ ಮೇಲೆ 12 ಅಂತ ಟವರ್ ಹೇಳುತ್ತಿದೆ ಅಂದುಕೋ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ನೆಲದ ಒರಟಿಗೆ ಉಜ್ಜಿ ಗಾಳಿ ಕೆಳಗೆ ಬಂದಂತೆ ಸೊರಗುತ್ತದೆ. ಅಂದರೆ ಒಂದು ನಿಮಿಷ ಚಿಲ್ಲರೆಯಲ್ಲಿ ನೀನು 23 ನಾಟ್ ಎದುರುಗಾಳಿ ಕಳೆದುಕೊಳ್ಳಲಿದ್ದೀಯ. ಎಂಜಿನ್ ತುಂಬಿಕೊಡದಿದ್ದರೆ ವೇಗ ಕುಸಿಯುತ್ತದೆ. ಪರದೆಯದು, ಟವರಿನದು, ಎರಡನ್ನೂ ಪಕ್ಕಪಕ್ಕ ಇಟ್ಟಾಗಷ್ಟೇ ಈ ಕಥೆ ಕಾಣುತ್ತದೆ. ನನ್ನ ಕೇಳಿದರೆ, ವಿಂಡ್ ಚೆಕ್‌ನ ಅರ್ಧ ಬೆಲೆ ಇದರಲ್ಲೇ ಇದೆ.

ಇನ್ನು ಉತ್ತರ ಬಂದಮೇಲೆ ಮಾಡುವ ಲೆಕ್ಕ. ರನ್‌ವೇ ಮತ್ತು ಗಾಳಿಯ ನಡುವಿನ ಕೋನ 30 ಡಿಗ್ರಿ ಇದ್ದರೆ ಗಾಳಿಯ ಅರ್ಧ ಭಾಗ ಅಡ್ಡಗಾಳಿ, 45 ಇದ್ದರೆ ಮುಕ್ಕಾಲು, 60 ದಾಟಿದರೆ ಪೂರ್ತಿ ಎಂದೇ ಹಿಡಿ. ನಿಖರವಲ್ಲ, ಆದರೆ ಸುರಕ್ಷಿತ ಬದಿಗೇ ತಪ್ಪುತ್ತದೆ. ರನ್‌ವೇ 27, ಗಾಳಿ 330 ಡಿಗ್ರಿ, 20 ನಾಟ್, ಗಸ್ಟ್ 32: ಅಡ್ಡಗಾಳಿ ಸುಮಾರು 17, ಗಸ್ಟ್‌ನಲ್ಲಿ 28, ಎದುರುಗಾಳಿ ಬರೀ 10. ಅದೇ ಗಾಳಿ 010ಕ್ಕೆ ತಿರುಗಿದರೆ ಎದುರುಗಾಳಿ ಮಾಯ, ಮೂರೂವರೆ ನಾಟ್ ಹಿಂಗಾಳಿ. ಹೇಳುವಾಗ ಸಣ್ಣ ಬದಲಾವಣೆ, ಇಳಿಯುವಾಗ ಅಲ್ಲ. 140 ನಾಟ್‌ನಲ್ಲಿ ಬರುವ ವಿಮಾನಕ್ಕೆ 10 ನಾಟ್ ಎದುರುಗಾಳಿ ಇದ್ದರೆ ನೆಲದ ವೇಗ 130. 10 ನಾಟ್ ಹಿಂಗಾಳಿಗೆ 150. ಬ್ರೇಕು ನುಂಗಬೇಕಾದ ಶಕ್ತಿ ವೇಗದ ವರ್ಗದಂತೆ ಏರುವುದರಿಂದ ವ್ಯತ್ಯಾಸ ಶೇ. 33. ಹೆಚ್ಚಿನ ವಿಮಾನಗಳಿಗೆ ಹಿಂಗಾಳಿಯ ಮಿತಿಯನ್ನು 10ಕ್ಕೋ 15ಕ್ಕೋ ನಿಲ್ಲಿಸಿರುವುದು ಸುಮ್ಮನೆ ಅಲ್ಲ.

ಆ ಅಂಕಿ ವೇಗಕ್ಕೂ ಬೇಕು. ಎ320ರ ಕಂಪ್ಯೂಟರಿನಲ್ಲಿ ಇಳಿಯುವ ಲೆಕ್ಕದ ಅಪ್ರೋಚ್ ಪುಟಕ್ಕೆ ತುಂಬುವುದು ಟವರಿನ ಕಾಂತೀಯ ಗಾಳಿಯನ್ನೇ, ಅದೂ ಸರಾಸರಿಯನ್ನು, ಗಸ್ಟ್ ತುಂಬಬೇಡ. ಎದುರುಗಾಳಿಯ ಮೂರನೇ ಒಂದು ಭಾಗವನ್ನು ಅದು ವೇಗಕ್ಕೆ ಕೂಡಿಸಿಕೊಳ್ಳುತ್ತದೆ, ದಾರಿಯುದ್ದಕ್ಕೂ ನೆಲದ ವೇಗ ತೀರಾ ತಗ್ಗದಂತೆ ಕಾಯುವ ಗ್ರೌಂಡ್ ಸ್ಪೀಡ್ ಮಿನಿಯ ಲೆಕ್ಕವೂ ಅದರ ಮೇಲೇ ನಿಂತಿದೆ. ಹಳೇ ಎಟಿಸ್‌ನ ಗಾಳಿ ತುಂಬಿ ಮರೆತರೆ, ಇಲ್ಲದ ಎದುರುಗಾಳಿಗೆ ವೇಗ ಕೂಡಿಸಿಕೊಂಡು ಇಳಿಯುತ್ತೀಯ. ಬೋಯಿಂಗಿನವರ ಪದ್ಧತಿ ಬೇರೆ, ಅಲ್ಲಿಗೆ ಹೋದಾಗ ಕಲಿತರಾಯಿತು.

ಇದು ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ 1993ರ ಸೆಪ್ಟೆಂಬರ್ 14ರ ವಾರ್ಸಾ ಅಪಘಾತದ ವರದಿಯನ್ನು ಓದು. ಅದೂ ಎ320ಯೇ. ವಿಂಡ್ ಶಿಯರ್ (ಗಾಳಿ ಹಠಾತ್ತನೆ ಬದಲಾಗುವುದು) ಇದೆಯೆಂದು ಎಚ್ಚರಿಸಿದ್ದರಿಂದ 20 ನಾಟ್ ಹೆಚ್ಚು ವೇಗ ಇಟ್ಟುಕೊಂಡರು, ಅಡ್ಡಗಾಳಿ ಎಂದು ಒಂದು ರೆಕ್ಕೆ ತಗ್ಗಿಸಿ ಇಳಿದರು. ಅಷ್ಟರಲ್ಲಿ ಗಾಳಿ ಹಿಂದಕ್ಕೆ ತಿರುಗಿತ್ತು. ಅವರ ಕೈಯಲ್ಲಿದ್ದ ಗಾಳಿಯ ಮಾಹಿತಿ ಹಳತಾಗಿತ್ತು. 2,800 ಮೀಟರ್ ರನ್‌ವೇಯಲ್ಲಿ ಬಲಚಕ್ರ ತಾಗಿದ್ದು 770 ಮೀಟರ್ ಆದಮೇಲೆ, ಎಡಚಕ್ರ ಇನ್ನೂ 9 ಸೆಕೆಂಡು ಬಿಟ್ಟು. ಎಡಬಲದ ಚಕ್ರದ ಕಾಲುಗಳೆರಡೂ ಒತ್ತಿಕೊಳ್ಳುವ ತನಕ ಎಂಜಿನ್ನಿನ ಬಲವನ್ನು ಹಿಮ್ಮುಖ ಮಾಡುವ ರಿವರ್ಸರ್ ತೆರೆಯಲಿಲ್ಲ, ರೆಕ್ಕೆಯ ಮೇಲೆದ್ದು ವೇಗ ತಡೆಯುವ ಸ್ಪಾಯ್ಲರೂ ಏಳಲಿಲ್ಲ. ಒದ್ದೆ ರನ್‌ವೇಯಲ್ಲಿ ಚಕ್ರ ನೀರಿನ ಮೇಲೆ ತೇಲಿತು. ವಿಮಾನ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಬಡಿಯಿತು, ಇಬ್ಬರು ಸತ್ತರು. ಒಂದೊಂದು ಹೆಜ್ಜೆಯೂ ಅವರಿಗೆ ಗೊತ್ತಿದ್ದ ಗಾಳಿಗೆ ಸರಿಯಾಗಿಯೇ ಇತ್ತು ನೋಡು.

2008ರ ಮಾರ್ಚ್ 1ರ ಹ್ಯಾಂಬರ್ಗ್ ಘಟನೆ ಇನ್ನೊಂದು ಬಗೆ. ಗಾಳಿ ಸುಮಾರು 300ರಿಂದ, ಗಸ್ಟ್ 47ರವರೆಗೆ. ಇಳಿಯಲು ಹೋದದ್ದು ರನ್‌ವೇ 23ಕ್ಕೆ. ಕೋನ 70 ಡಿಗ್ರಿ, ಗಸ್ಟ್‌ನಲ್ಲಿ ಅಡ್ಡಗಾಳಿ 44 ನಾಟ್. ಎ320ಗೆ ತಯಾರಕರು ಪ್ರಯೋಗದಲ್ಲಿ ಇಳಿಸಿ ತೋರಿಸಿದ್ದು ಗಸ್ಟ್ ಸೇರಿ 38. ಎಡರೆಕ್ಕೆಯ ತುದಿ ನೆಲ ಉಜ್ಜಿತು, ಇಳಿಯುವುದನ್ನು ಕೈಬಿಟ್ಟು, ಅಂದರೆ ಗೋ-ಅರೌಂಡ್ ಮಾಡಿ, ಮೇಲೆದ್ದರು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ರನ್‌ವೇ 33ರಲ್ಲಿ ಇಳಿದರು. ಅಲ್ಲಿ ಕೋನ 30, ಅದೇ ಗಸ್ಟ್‌ನ ಅಡ್ಡಗಾಳಿ 24ಕ್ಕಿಂತ ಕಡಿಮೆ. ಹಾಗಾಗಿ ಗಾಳಿಯ ಅಂಕಿ ಕೇಳಿದಾಗ "ಇಳಿಯಬಹುದೇ" ಅನ್ನುವುದರ ಜೊತೆಗೆ "ಈ ರನ್‌ವೇಯೇ ಯಾಕೆ" ಎಂದೂ ಕೇಳಿಕೋ.

ಈಗ ನಾನು ಖಂಡಿತವಾಗಿ ಹೇಳಬೇಕಾದ ಮಾತು. ಕೇಳುವ ಮುನ್ನವೇ ನಿನ್ನ ಅಂಕಿ ತೀರ್ಮಾನವಾಗಿರಬೇಕು. ಇಳಿಯಲು ಶುರುಮಾಡುವ ಮೊದಲು ಪೈಲಟ್‌ಗಳಿಬ್ಬರೂ ಮಾತಾಡಿಕೊಳ್ಳುವ ಬ್ರೀಫಿಂಗ್‌ನಲ್ಲೇ ಹೇಳಿಬಿಡು: ಈ ರನ್‌ವೇ, ಒದ್ದೆ, ಅಡ್ಡಗಾಳಿ ಇಷ್ಟು, ಹಿಂಗಾಳಿ ಇಷ್ಟು, ಗಾಳಿ ಇಂಥ ದಿಕ್ಕು ದಾಟಿದರೆ ಗೋ-ಅರೌಂಡ್. ಆಗ ಟವರಿನ ಉತ್ತರಕ್ಕೆ ಹೌದು, ಇಲ್ಲ ಎರಡೇ ಅರ್ಥ. ಅಂಕಿ ಇಲ್ಲದೆ ಕೇಳುವವರು 30 ಸೆಕೆಂಡಿಗೊಮ್ಮೆ ಕೇಳುತ್ತ, ಮಿತಿಯೊಳಗಿನ ಒಂದು ಅಂಕಿ ಸಿಕ್ಕ ಕೂಡಲೇ ಅದನ್ನು ಹಿಡಿದು ಇಳಿಯುತ್ತಾರೆ. ಗಾಳ ಹಾಕಿ ಕೂತಂತೆ ಅದು. ನನಗೆ ಚೂರೂ ಸೇರದ ಚಾಳಿ. 27, 31, 24 ನಾಟ್ ಅಂತ ಉತ್ತರ ಬಂದರೆ ಗಾಳಿ ತಗ್ಗಿದೆ ಅಂತಲ್ಲ, ಓಲಾಡುತ್ತಿದೆ ಅಂತ. ನಿನ್ನ ಮಿತಿ 25 ಆಗಿದ್ದರೆ ಉತ್ತರ ಆಗಲೇ ಸಿಕ್ಕಾಯಿತು.

ಕೇಳುವ ಹೊತ್ತು 1000 ಅಡಿಯಿಂದ 500 ಅಡಿಯೊಳಗೆ ಇರಲಿ. 100 ಅಡಿಯಲ್ಲಿ ಬರುವ ಉತ್ತರದಿಂದ ಲೆಕ್ಕ ಹಾಕಲು ಪುರುಸೊತ್ತಿರುವುದಿಲ್ಲ. ರೇಡಿಯೊ ಕೆಲಸ ಇಬ್ಬರು ಪೈಲಟ್‌ಗಳಲ್ಲಿ ಹಾರಿಸದೇ ಇರುವವರದು, ಹಾರಿಸುತ್ತಿರುವವರು ಕಿವಿಗೊಟ್ಟರೆ ಸಾಕು. ಅನುಮತಿಯ ಜೊತೆಗೇ ಗಾಳಿ ಹೇಳಿದ್ದು, ಹವೆ ತಣ್ಣಗಿದ್ದರೆ, ಕೇಳದೇ ಬಿಡುವುದೇ ಲೇಸು. ಟವರಿಗೆ ಬೇರೆ ವಿಮಾನಗಳೂ ಇವೆ.

ಮಾಪಕ ಎಲ್ಲಿದೆ ಅನ್ನುವುದನ್ನೂ ಮರೆಯಬೇಡ. 10 ಮೀಟರ್ ಕಂಬದ ಮೇಲೆ ಇರುತ್ತದೆ. ಮೂರ್ನಾಲ್ಕು ಕಿಲೋಮೀಟರ್ ರನ್‌ವೇಗೆ ಎರಡು ಮೂರು ಮಾಪಕಗಳಿದ್ದಾಗ ಟವರ್ ಓದಿದ್ದು ಇಳಿಯುವ ತುದಿಯದೇ ಎಂದು ಖಚಿತಮಾಡಿಕೋ. ಪಕ್ಕದಲ್ಲಿ ದೊಡ್ಡ ಹ್ಯಾಂಗರ್ ಇದ್ದರೆ ಅದರ ಮರೆಯ ಸುಳಿ ಯಾವ ಮಾಪಕಕ್ಕೂ ಸಿಗದು. ಅಲ್ಲಿ ಕಂಬಕ್ಕೆ ಕಟ್ಟಿದ ಬಟ್ಟೆಚೀಲ, ವಿಂಡ್‌ಸಾಕ್, ನೋಡು: 15 ನಾಟ್ ಸುಮಾರಿಗೆ ನೆಟ್ಟಗಾಗುತ್ತದೆ, ಬಾಲ ಆ ಕಡೆ ಈ ಕಡೆ ಹೊಡೆದುಕೊಳ್ಳುತ್ತಿದ್ದರೆ ಯಾರೂ ಹೇಳದ ಗಸ್ಟ್ ಅದು.

ಮುಂದಿನ ಕಾಗದಕ್ಕೆ ಒಂದು ಲೆಕ್ಕ ಕಳಿಸಿದ್ದೇನೆ. ರನ್‌ವೇ 16, ಒದ್ದೆ. ಗಾಳಿ 240 ಡಿಗ್ರಿ, 22 ನಾಟ್, ಗಸ್ಟ್ 34. ಅಡ್ಡಗಾಳಿಯ ಮಿತಿ ಗಸ್ಟ್ ಸೇರಿ 29 ಎಂದಿಟ್ಟುಕೋ. ಬ್ರೀಫಿಂಗ್‌ನಲ್ಲಿ ಏನು ಹೇಳುತ್ತೀಯ, ಗಾಳಿ 260ಕ್ಕೆ ತಿರುಗಿದರೆ ಏನು ಬದಲಾಗುತ್ತದೆ, ಎರಡನ್ನೂ ಬರೆ. ಕ್ಯಾಲ್ಕುಲೇಟರ್ ಮುಟ್ಟಬೇಡ.

ಇತಿ,
ನಿನ್ನ ಮಾವ