ಸಂಕ್ರಾಂತಿಯೊಳಗೆ ಮುಂಗಡ ಕಟ್ಟಬೇಕು: ಕ್ಯಾನ್ಸರ್ ಆಸ್ಪತ್ರೆಯ ಚಿಲ್ಲರ್‌ಗಾಗಿ ದೇಣಿಗೆ ಮನವಿ

ಆತ್ಮೀಯ ದಾನಿಗಳಿಗೆ ಟ್ರಸ್ಟಿಗಳ ನಮಸ್ಕಾರಗಳು.

ದೀಪಾವಳಿಯ ಹಿಂದಿನ ವಾರ ನಮ್ಮ ವಿಕಿರಣ ವಿಭಾಗದ ತಾರಸಿ ಮೇಲಿನ, ಯಂತ್ರದ ನೀರು ತಣಿಸುವ ಚಿಲ್ಲರ್‌ನ ಎರಡು ಕಂಪ್ರೆಸರ್‌ಗಳಲ್ಲಿ ಒಂದು ಸುಟ್ಟುಹೋಯಿತು. ವಿಕಿರಣ ಕೊಡುವ ಲಿನ್ಯಾಕ್ ಯಂತ್ರ ನಾಲ್ಕು ದಿನ ಪೂರ್ತಿ ನಿಂತಿತ್ತು. ಈಗ ಉಳಿದ ಒಂದೇ ಕಂಪ್ರೆಸರ್‌ನಲ್ಲಿ ದಿನ ದೂಡುತ್ತಿದ್ದೇವೆ. ಬಿಸಿಲೇರಿದರೆ ಅದೂ ಟ್ರಿಪ್ ಆಗುತ್ತದೆ. ಆದ್ದರಿಂದ ಬೆಳಗಿನ 5ಕ್ಕೇ ಚಿಕಿತ್ಸೆ ಶುರು ಮಾಡಿ 11ಕ್ಕೆ ನಿಲ್ಲಿಸಿ, ಸಂಜೆ 6ರಿಂದ ಮತ್ತೆ ನಡೆಸುತ್ತೇವೆ. ಚಿಲ್ಲರ್‌ನ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ ಬಿಸಿಲು ತಾಗದಂತೆ ಪಶ್ಚಿಮಕ್ಕೆ ಗೋಣಿತಾಟು ಕಟ್ಟಿದ್ದೇವೆ, ಗಂಟೆಗೊಮ್ಮೆ ಅದಕ್ಕೆ ನೀರು ಚಿಮುಕಿಸುತ್ತಾರೆ. ಇದು ಚಳಿಗಾಲದ ಏರ್ಪಾಡು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋದ ಮೇಲೆ ಗೋಣಿತಾಟಿನಿಂದ ಏನೂ ಆಗದು.

ಎಸಿ ಕೆಟ್ಟಿದ್ದಕ್ಕೆ ಇಷ್ಟು ಗಾಬರಿಯೇ ಎಂದು ಕೆಲವರು ಕೇಳಿದ್ದಾರೆ. ಚಿಲ್ಲರ್ ಇರುವುದು ಕೋಣೆ ತಂಪು ಮಾಡಲಿಕ್ಕಲ್ಲ. ಲಿನ್ಯಾಕ್‌ನೊಳಗೆ ಎಲೆಕ್ಟ್ರಾನುಗಳನ್ನು ತಾಮ್ರದ ಕೊಳವೆಯಲ್ಲಿ ಓಡಿಸಿ ಟಂಗ್‌ಸ್ಟನ್ ಫಲಕಕ್ಕೆ ಬಡಿಸಿದಾಗ ಎಕ್ಸ್-ರೇ ಹುಟ್ಟುತ್ತದೆ, ಜತೆಗೆ ವಿಪರೀತ ಬಿಸಿ. ಆ ಬಿಸಿಯನ್ನು ಒಳಗಿನ ನೀರು ಹೀರಿ ಚಿಲ್ಲರ್‌ಗೆ ದಾಟಿಸುತ್ತದೆ. ಕೊಳವೆ ಬಿಸಿಯಾಗಿ ಒಂದಿಷ್ಟು ಹಿಗ್ಗಿದರೂ ಅದರ ಕಂಪನಾಂಕ ತಪ್ಪಿ ಡೋಸ್ ಏರುಪೇರಾಗುತ್ತದೆ. ಹಾಗಾಗದಂತೆ ನೀರಿನ ಉಷ್ಣತೆ ಮಿತಿ ದಾಟಿದ ಕೂಡಲೇ ಯಂತ್ರ ತಾನಾಗಿ ಕಿರಣ ನಿಲ್ಲಿಸುತ್ತದೆ, ರೋಗಿ ಮೇಜಿನ ಮೇಲಿದ್ದರೂ ಸರಿ.

ಕೆಟ್ಟದ್ದೇಕೆ ಎಂಬುದನ್ನು ಮುಚ್ಚಿಡುವುದಿಲ್ಲ. ಚಿಲ್ಲರ್ ಸುತ್ತಿನಲ್ಲಿ ನೀರು ಕಡಿಮೆಯಾದಾಗಲೆಲ್ಲ ಆರ್‌ಒ (ಲವಣ ತೆಗೆದು ಶುದ್ಧ ಮಾಡಿದ) ನೀರು ತುಂಬಬೇಕಿತ್ತು. ಆರ್‌ಒ ಘಟಕ ಕೈಕೊಟ್ಟ ದಿನಗಳಲ್ಲಿ ಕೊಳವೆಬಾವಿ ನೀರನ್ನೇ ತುಂಬಿದ್ದೇವೆ. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡಿತು, ನೀರು ಸರಿಯಾಗಿ ತಣಿಯದೆ ಕಂಪ್ರೆಸರ್ ಬಿಡುವಿಲ್ಲದೆ ಓಡಿತು. ಮೇಲೆ ಕಂಡೆನ್ಸರ್ ರೆಕ್ಕೆಗಳ ಸಂದಿಗೆ ರಸ್ತೆಯ ಧೂಳು ತುಂಬಿ ಒತ್ತಡ ಏರಿತು. ಕೊನೆಗೆ ಕಂಪ್ರೆಸರ್ ಮೋಟಾರಿನ ವೈಂಡಿಂಗ್ ಸುಟ್ಟಿತು. ಸುಟ್ಟ ಕಂಪ್ರೆಸರ್ ಒಂದನ್ನೇ ಬದಲಿಸಿ ಎಂದ ಹಿತೈಷಿಗಳಿದ್ದಾರೆ. ಸುಟ್ಟ ಎಣ್ಣೆಯ ಆಮ್ಲ ಗ್ಯಾಸಿನ ಪೈಪಿನಲ್ಲಿ ಉಳಿದಿದ್ದರೆ ಹೊಸದೂ ಬೇಗ ಹೋಗುತ್ತದೆ, ಸುಣ್ಣವಂತೂ ಅಲ್ಲೇ ಇರುತ್ತದೆ. ಆ ದಾರಿ ಬೇಡವೆಂದು ತೀರ್ಮಾನಿಸಿದ್ದೇವೆ.

ಇದರ ಪೆಟ್ಟು ಬೀಳುವುದು ಅರ್ಧ ಚಿಕಿತ್ಸೆಯಲ್ಲಿರುವವರ ಮೇಲೆ. ಗರ್ಭಕಂಠದ ಕ್ಯಾನ್ಸರ್‌ಗೆ ಸೋಮವಾರದಿಂದ ಶುಕ್ರವಾರ, ಐದು ವಾರ, ಒಟ್ಟು 25 ಸಲ ಹೊರಗಿನ ವಿಕಿರಣ, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ, ಆಮೇಲೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಎಲ್ಲ ಸೇರಿ 56 ದಿನದೊಳಗೆ ಮುಗಿಯಬೇಕು. ಶುರುವಾಗಿ ಮೂರು ನಾಲ್ಕು ವಾರವಾದ ಮೇಲೆ, ಸಾಯದೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಅವಧಿ ಮೀರಿದ ಪ್ರತಿ ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇ. 0.5ರಿಂದ 1ರಷ್ಟು ಇಳಿಯುತ್ತದೆ. ಬಿಟ್ಟುಹೋದದ್ದನ್ನು ತುಂಬಿಸಲು ಶನಿವಾರ ಕೊಡುತ್ತೇವೆ, ಇಲ್ಲವೇ ಒಂದೇ ದಿನ ಎರಡು ಸಲ. ಆದರೆ ಎರಡರ ನಡುವೆ ಕನಿಷ್ಠ 6 ಗಂಟೆ ಅಂತರ ಬೇಕು. ಮಧ್ಯಾಹ್ನ ಯಂತ್ರವೇ ಓಡದಿದ್ದಾಗ ಬೆಳಗಿನ 5ಕ್ಕೆ ಬಂದ ಹೆಣ್ಣುಮಗಳು ಸಂಜೆ 6ರವರೆಗೆ ವರಾಂಡದಲ್ಲೇ ಕಾಯುತ್ತಾಳೆ, ಯಾದಗಿರಿಯ ರಾತ್ರಿ ಬಸ್ಸೂ ತಪ್ಪುತ್ತದೆ.

ಬಾಯಿ, ಗಂಟಲಿನ ಕ್ಯಾನ್ಸರ್ ಇನ್ನೂ ಕಷ್ಟ. ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿಯ ಬಿಸಿನೀರಲ್ಲಿ ಅದ್ದಿ, ಮೆತ್ತಗಾದಾಗ ರೋಗಿಯ ಮುಖದ ಮೇಲೆ ಎಳೆದು ಒತ್ತಿದರೆ ಕೆಲವೇ ನಿಮಿಷದಲ್ಲಿ ಗಟ್ಟಿ ಮಾಸ್ಕ್ ಆಗುತ್ತದೆ. ಏಳು ವಾರ ಪ್ರತಿ ದಿನ ಅದನ್ನೇ ಹಾಕಿ ಮೇಜಿಗೆ ಬಿಗಿಯುತ್ತಾರೆ, ತಲೆ ಕೂದಲೆಳೆಯಷ್ಟೂ ಕದಲಬಾರದು. ಗಂಟಲು ಹುಣ್ಣಾಗಿ ಗಂಜಿಯೂ ಇಳಿಯದೆ ರೋಗಿ ಸೊರಗುತ್ತಾನೆ. ಚಿಕಿತ್ಸೆ ಎಳೆದಷ್ಟೂ ಕೆನ್ನೆ ಒಳಸೇರಿ ಮಾಸ್ಕ್ ಸಡಿಲವಾಗುತ್ತದೆ. ಆಗ ಹೊಸ ಮಾಸ್ಕ್, ಹೊಸ ಸಿಟಿ ಸ್ಕ್ಯಾನ್, ಕಿರಣ ಎಲ್ಲಿ ಎಷ್ಟು ಎಂಬ ಹೊಸ ಪ್ಲಾನ್. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಡೆಗೋ ಕಳಿಸಬಾರದೇ ಎನ್ನುವವರಿಗೂ ಇದೇ ಉತ್ತರ: ಒಂದು ಯಂತ್ರಕ್ಕೆ ಮಾಡಿದ ಪ್ಲಾನ್ ಇನ್ನೊಂದು ಯಂತ್ರಕ್ಕೆ ಹಾಗೇ ಹೊಂದುವುದಿಲ್ಲ, ಅಲ್ಲಿ ಹೋಗಿ ಬಹುಪಾಲು ಮೊದಲಿಂದ ಶುರು ಮಾಡಬೇಕು.

ಈ ಆಸ್ಪತ್ರೆ ಹೇಗೆ ಎದ್ದಿತೆಂಬುದು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಲಿನ್ಯಾಕ್ ಇರುವ ಬಂಕರ್‌ನ 2 ಮೀಟರಿಗೂ ದಪ್ಪದ ಗೋಡೆಗೆ ಕಾಂಕ್ರೀಟನ್ನು ನಡುವೆ ನಿಲ್ಲಿಸದೆ ಸುರಿಯಬೇಕಿತ್ತು, ನಿಂತರೆ ಬೆಸುಗೆಯಲ್ಲಿ ವಿಕಿರಣ ಸೋರುವ ಭಯ. ಆ ರಾತ್ರಿ ಸಿಮೆಂಟ್ ಕಡಿಮೆ ಬಿದ್ದಾಗ ತಮ್ಮ ಮನೆ ಕಟ್ಟಲು ತಂದಿಟ್ಟಿದ್ದ ಮೂಟೆ ಹೊತ್ತು ಬಂದವರು ಈ ಪತ್ರ ಓದುತ್ತಿರುವವರಲ್ಲೂ ಇದ್ದಾರೆ. ಬ್ರಾಕಿಥೆರಪಿಯ ವಿಕಿರಣ ಮೂಲವಾದ ಇರಿಡಿಯಂ-192 ಸುಮಾರು 74 ದಿನಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದು ತರಿಸಬೇಕು. ಒಮ್ಮೆಯೂ ತಪ್ಪಿಸಿಲ್ಲ. ಸ್ತನ ಕ್ಯಾನ್ಸರ್‌ಗೆ 25 ಸಲದ ಬದಲು 15 ಸಲದಲ್ಲಿ ಮುಗಿಸುವ ಕ್ರಮವನ್ನು ಜಗತ್ತಿನ ದೊಡ್ಡ ಅಧ್ಯಯನಗಳು ಒಪ್ಪಿವೆ. ನಮ್ಮ ವೈದ್ಯರು ಅದನ್ನು ಇಲ್ಲಿ ನಡೆಸಿ, ತೋಳಿನ ಊತ, ಚರ್ಮದ ಬದಲಾವಣೆಗಳನ್ನು ವರ್ಷಗಟ್ಟಲೆ ದಾಖಲಿಸುತ್ತಿದ್ದಾರೆ. ಹತ್ತು ದಿನದ ಬಸ್ ಖರ್ಚು, ಹತ್ತು ದಿನದ ಕೂಲಿ ಉಳಿದರೆ ಹಳ್ಳಿಯ ಮನೆಗೆ ಅದೇ ದೊಡ್ಡದು.

ತರಬೇತಿಯೂ ಇದೇ ಚಿಲ್ಲರ್‌ಗೆ ಕಟ್ಟುಬಿದ್ದಿದೆ. ವೈದ್ಯಕೀಯ ಭೌತಶಾಸ್ತ್ರ ಓದಿದವರು ಒಂದು ವರ್ಷ ಇಂಥ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ರೋಗಿಗಳು ಮುಗಿದ ಮೇಲೆ ನೀರಿನ ತೊಟ್ಟಿ ಇಟ್ಟು ಕಿರಣ ಅಳೆಯುವುದನ್ನು ಅವರು ಕಲಿಯುತ್ತಿದ್ದ ಹೊತ್ತೇ ಈಗ ರೋಗಿಗಳ ಪಾಲಾಗಿದೆ. ದಿನಾ ಡೋಸ್‌ನ ಏರುಪೇರು ಶೇ. 3ರ ಮಿತಿಯೊಳಗಿದೆಯೇ ಎಂದು ಮೊದಲ ರೋಗಿಗೆ ಮುಂಚೆ ನೋಡಲೇಬೇಕಾದ್ದರಿಂದ ಅವರು ನಸುಕಿನ 4ಕ್ಕೇ ಬರುತ್ತಾರೆ. ಕಲಿಕೆ ಸದ್ಯ ಅಷ್ಟೇ.

ಬೇಕಿರುವುದು: ಎರಡು ಕಂಪ್ರೆಸರ್‌ನ ಹೊಸ ಚಿಲ್ಲರ್, ಹೆಚ್ಚುವರಿ ಪಂಪ್, ಪೈಪ್ ಬದಲಾವಣೆ, ಇದಕ್ಕೆಂದೇ ಚಿಕ್ಕ ಆರ್‌ಒ ಘಟಕ. ಎಲ್ಲ ಸೇರಿ 25 ಲಕ್ಷದ ಆಸುಪಾಸು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಹಣ ರೋಗಿಯ ಚಿಕಿತ್ಸೆಗೆ ಬರುತ್ತದೆ, ತಾರಸಿಯ ಯಂತ್ರಕ್ಕಲ್ಲ. ತಯಾರಾಗಿ ಬರಲು ಆರೇಳು ವಾರ ಬೇಕಾದ್ದರಿಂದ ಸಂಕ್ರಾಂತಿಯೊಳಗೆ ಅರ್ಧ ಮುಂಗಡ ಕಟ್ಟಬೇಕಿದೆ.

ಚೆಕ್, ಯುಪಿಐ, ಬ್ಯಾಂಕ್ ವರ್ಗಾವಣೆ ಯಾವುದಾದರೂ ಸರಿ, ಪ್ಯಾನ್ ಸಂಖ್ಯೆ ತಪ್ಪದೆ ಕೊಡಿ. 2000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಸಿಗದು. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ನಮ್ಮ ಮಾಮೂಲಿ ಖಾತೆಗೇ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ಖಾತೆಗೇ ಹಾಕಬೇಕು. ತಪ್ಪು ಖಾತೆಗೆ ಬಂದರೆ ಬಳಸುವಂತಿಲ್ಲ. ಎರಡೂ ಖಾತೆಯ ವಿವರ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಸಿಗುತ್ತದೆ. ರಶೀದಿಯ ಮೇಲೆ ‘ಚಿಲ್ಲರ್’ ಎಂದು ಬರೆಸಿಕೊಳ್ಳಿ.

ಇಂತಿ ನಿಮ್ಮ,
ಟ್ರಸ್ಟಿಗಳು